ಬ್ರಾಯ್ಲರ್ ಕೋಳಿಗೆ ಅರಿಶಿನ, ಜೀರಿಗೆ, ಶುಂಠಿ: ಎಷ್ಟು ಕೊಡುದು, ಹೇಗೆ ಕೊಡುದು

ಆಟಿ ತಿಂಗಳು (ಜುಲೈ-ಆಗಸ್ಟ್ ಮಳೆಗಾಲ) ಬಂತು ಅಂದ್ರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಬಾಯಾರು ಕಡೆ ಕೋಳಿ ಫಾರ್ಮಿನವರು ಸಿಕ್ಕಿದಲ್ಲೆಲ್ಲ ಒಂದೇ ಮಾತು, ಹಿಕ್ಕೆ ನೀರು ನೀರಾಗ್ತಾ ಉಂಟು ಮಾರ್ರೆ, ಮನೆಮದ್ದು ಎಂತಾದ್ರೂ ಉಂಟಾ ಅಂತ. ಉಂಟು. ಆದ್ರೆ ಅರಿಶಿನ ಜೀರಿಗೆ ತಿನ್ನಿಸ್ಲಿಕ್ಕೆ ಮೊದ್ಲು ಕೋಳಿಯ ಕಾಲಡಿ ನೋಡಿ. ಅಲ್ಲಿ ಒದ್ದೆ ಇದ್ರೆ ಮೇಲಿಂದ ಎಂತ ಹಾಕಿದ್ರೂ ನೀರಲ್ಲಿ ಹೋಮ ಮಾಡಿದ ಹಾಗೆ.

ಶೆಡ್ಡಿನ ನಾಲ್ಕು ಮೂಲೆಯಿಂದ ನೆಲಕ್ಕೆ ಹಾಸಿದ ಮರದ ಹುಡಿ ಒಂದೊಂದು ಮುಷ್ಟಿ ತೆಗೆದು ಗಟ್ಟಿ ಹಿಂಡಿ, ಕೈ ಬಿಟ್ಟಾಗ ಉದುರಿ ಹೋದ್ರೆ ಸರಿ, ಉಂಡೆಯಾಗಿಯೇ ಕೂತ್ರೆ ಒದ್ದೆ ಜಾಸ್ತಿ ಅಂತ ಲೆಕ್ಕ. ರಕ್ತಬೇಧಿ ಬರುದು ಐಮೀರಿಯಾ ಹೇಳುವ ಪರಾವಲಂಬಿಯಿಂದ, ಅದರ ಮೊಟ್ಟೆ ಹಿಕ್ಕೆಯಲ್ಲಿ ಹೊರಗೆ ಬಿದ್ದು ಒದ್ದೆ, ಬಿಸಿ, ಗಾಳಿ ಮೂರೂ ಸಿಕ್ಕಿದ್ರೆ ಒಂದೆರಡು ದಿನದಲ್ಲೇ ರೋಗ ಹರಡ್ಲಿಕ್ಕೆ ತಯಾರಾಗ್ತದೆ, ನಮ್ಮ ಮಳೆಗಾಲದಲ್ಲಿ ಈ ಮೂರಕ್ಕೂ ಬರಗಾಲ ಇಲ್ಲ. ಹಾಗಾಗಿ ದಿನಾ ಒಂದು ಸಲ ಕೆದಕುದು, ನೀರಿನ ಪಾತ್ರೆ ಸುತ್ತ ಒದ್ದೆ ಆದದ್ದನ್ನು ತೆಗೆದು ಒಣ ಹುಡಿ ಹಾಕುದು, ಒದ್ದೆ ಆರ್ಲಿಕ್ಕೆ ಗಾಳಿ ಬರುವ ಬದಿಯ ಟರ್ಪಾಲು ಪೂರ್ತಿ ಮುಚ್ಚದೆ ಇರುದು, ಇಷ್ಟು ಆಗ್ಲೇಬೇಕು.

ಇನ್ನು ಹಿಕ್ಕೆ ನೋಡ್ಲಿಕ್ಕೆ ಕಲಿಯಿರಿ. ಕಂದು ಬಣ್ಣ, ಸ್ವಲ್ಪ ಗಟ್ಟಿ, ತುದಿಯಲ್ಲಿ ಬಿಳಿ ಟೊಪ್ಪಿ, ಅದು ಆರೋಗ್ಯದ್ದು. ದಿನಕ್ಕೆ ಎರಡು ಮೂರು ಸಲ ಸಾಸಿವೆ ಬಣ್ಣದ, ಪೇಸ್ಟ್ ಥರದ್ದು ಹಾಕ್ತದೆ, ವಾಸನೆ ಕೂಡ ಜಾಸ್ತಿ, ಅದಕ್ಕೆ ಹೆದರ್ಬೇಡಿ, ಅದು ಕುರುಡು ಕರುಳಿನಿಂದ ಬರುದು, ಮಾಮೂಲಿ. ಜೋಳದ ಚೂರು ಹಾಗೇ ಕಾಣ್ತಾ ಇದ್ರೆ ಜೀರ್ಣ ಆಗ್ತಾ ಇಲ್ಲ, ಅಲ್ಲಿ ಮನೆಮದ್ದಿಗೆ ಕೆಲಸ ಉಂಟು. ರಕ್ತ ಕಂಡ್ರೆ ಮಾತ್ರ ಅರಿಶಿನದ ಡಬ್ಬ ಬದಿಗಿಟ್ಟು ಅದೇ ದಿನ ಪಶುವೈದ್ಯರಿಗೆ ಫೋನ್ ಮಾಡಿ, ಅದಕ್ಕೆ ಆಂಪ್ರೋಲಿಯಂ ಥರದ ಔಷಧಿ ಅವರು ಹೇಳಿದ ಡೋಸಲ್ಲೇ ಹೋಗ್ಬೇಕು.

ಈಗ ಮಸಾಲೆ ವಿಷಯ. 50 ಕೆಜಿಯ ಒಂದು ಗೋಣಿ ಫೀಡಿಗೆ ನಾನು ಹಾಕುದು ಅರಿಶಿನ ಹುಡಿ 150 ಗ್ರಾಂ, ಜೀರಿಗೆ 100 ಗ್ರಾಂ, ಒಣ ಶುಂಠಿ 100 ಗ್ರಾಂ, ಒಳ್ಳೆಮೆಣಸು (ಕಾಳುಮೆಣಸು) 25 ಗ್ರಾಂ. ಒಟ್ಟು ಸೇರಿದ್ರೂ ಫೀಡಿನ ಶೇಕಡಾ 1 ದಾಟುದಿಲ್ಲ, ದಾಟ್ಬಾರ್ದು ಕೂಡ. ಜೀರಿಗೆ ಶುಂಠಿಯಿಂದ ಜೀರ್ಣರಸ ಚೆನ್ನಾಗಿ ಒಸರ್ತದೆ, ಅರಿಶಿನ ಪಿತ್ತರಸಕ್ಕೂ ಕರುಳಿನ ಉರಿಗೂ ಒಳ್ಳೆದು, ಆದ್ರೆ ಅದರ ಕರ್ಕ್ಯುಮಿನ್ ಒಂದೇ ಹೋದ್ರೆ ಮೈಗೆ ಹತ್ತುದು ಕಮ್ಮಿ, ಒಳ್ಳೆಮೆಣಸಿನ ಪೈಪರಿನ್ ಜೊತೆಗಿದ್ರೆ ಹತ್ತುದು ಜಾಸ್ತಿ, ಅದಕ್ಕೇ ಆ 25 ಗ್ರಾಂ. ಅರಿಶಿನ ಕೊಂಬೇ ತಂದು ಮಿಲ್ಲಲ್ಲಿ ಹುಡಿ ಮಾಡಿಸಿ, ಪೇಟೆಯ ಲೂಸ್ ಹುಡಿಯಲ್ಲಿ ಬಣ್ಣ ಬೆರೆಸಿದ್ದು ಸಿಕ್ಕಿದ್ರೆ ಅದು ಕೋಳಿಗೂ ಆಗ, ನಮಗೂ ಆಗ. ಮರಿ ಬಂದ ಮೊದಲ ವಾರ ಇದ್ಯಾವುದೂ ಬೇಡ, ಆಗ ಬೇಕಾದ್ದು ಬಿಸಿ, ನೀರು, ಫೀಡು ಮೂರೇ, 24 ಗಂಟೆ ಆದ್ಮೇಲೆ ಮುಟ್ಟಿ ನೋಡಿದ್ರೆ ಹೆಚ್ಚುಕಮ್ಮಿ ಎಲ್ಲ ಮರಿಯ ಕೊರಳ ಚೀಲ ತುಂಬಿರ್ಬೇಕು. ಬೆಲ್ಲದ ನೀರು ಅಂತ ದಿನಗಟ್ಟಲೆ ಕೊಟ್ಟು ಹಿಕ್ಕೆ ತೆಳು ಮಾಡಿಕೊಂಡವರನ್ನು ಕೂಡ ನೋಡಿದ್ದೇನೆ. ಎಂಟನೇ ದಿನದಿಂದ ಶುರು ಮಾಡಿ, ಮೊದಲ ಎರಡು ದಿನ ಅರ್ಧ ಡೋಸ್.

ಹೆಚ್ಚಿನವರು ತಪ್ಪುದು ಮಿಕ್ಸ್ ಮಾಡುವಲ್ಲಿ. ಫೀಡು ಇರುದು ಗುಳಿಗೆ ಥರ, ಇಲ್ಲಾ ಅದನ್ನೇ ಒಡೆದ ನುಚ್ಚು ಥರ, ನೀವು ಮೇಲಿಂದ ಹುಡಿ ಉದುರಿಸಿದ್ರೆ ಅದು ಸೀದಾ ಫೀಡರಿನ ಅಡಿಗೆ ಹೋಗಿ ಕೂತ್ಕೊಳ್ತದೆ, ಕೋಳಿ ಗುಳಿಗೆ ಹೆಕ್ಕಿ ತಿಂದು ಹುಡಿ ಬಿಡ್ತದೆ, ಕೊನೆಗೆ ಅಡಿಯದ್ದು ತಿಂದ ಒಂದೆರಡು ಕೋಳಿಗೆ ಹತ್ತು ಕೋಳಿಯ ಡೋಸ್. ಹಾಗಾಗಿ 2 ಕೆಜಿ ಫೀಡಿಗೆ ಅಂದಾಜು 100 ಎಂಎಲ್ ತೆಂಗಿನೆಣ್ಣೆ ಹಾಕಿ ಕೈಯಲ್ಲಿ ತಿಕ್ಕಿ, ಅದಕ್ಕೆ ಮಸಾಲೆ ಹುಡಿ ಸೇರಿಸಿ, ಹುಡಿ ಅಂಟಿದ ಮೇಲೆ ಅದನ್ನು 10 ಕೆಜಿಗೆ, ಆ 10 ಕೆಜಿಯನ್ನು ಪೂರ್ತಿ ಗೋಣಿಗೆ ಬೆರೆಸಿ. ಆ ದಿನದ್ದು ಆ ದಿನಕ್ಕೇ, ನಾಳೆಗೆ ಅಂತ ಕಟ್ಟಿಟ್ರೆ ಎಣ್ಣೆ ಕಾರ್ತದೆ, ಮಳೆಗಾಲದಲ್ಲಿ ಬೂಸ್ಟು ಬರ್ತದೆ, ಬೂಸ್ಟು ಬಂದ ಫೀಡಿನ ವಿಷ ನೇರ ಲಿವರಿಗೆ. ಅಂದಾಜಿಗೆ ಹೇಳುದಾದ್ರೆ ಮೂರು ವಾರದ 1000 ಕೋಳಿಗೆ ದಿನಕ್ಕೆ 100 ಕೆಜಿ ಹತ್ರ ಫೀಡು ಬೇಕು, ನೀರು ಅದರ ದುಪ್ಪಟ್ಟು.

ಬೆಳ್ಳುಳ್ಳಿ ಮತ್ತು ಸಾಂಬಾರಬಳ್ಳಿ, ಅದೇ ದೊಡ್ಡಪತ್ರೆ, ಇವೆರಡನ್ನು ನೀರಲ್ಲಿ ಕೊಡುದು ಸುಲಭ. 10 ಲೀಟರಿಗೆ 50 ಗ್ರಾಂ ಬೆಳ್ಳುಳ್ಳಿ ಜಜ್ಜಿ, ಹತ್ತು ನಿಮಿಷ ಹಾಗೇ ಬಿಟ್ಟು, ಮತ್ತೆ ನೀರಿಗೆ ಹಾಕಿ ಬಟ್ಟೆಯಲ್ಲಿ ಸೋಸಿ. ಸಾಂಬಾರಬಳ್ಳಿಯದ್ದು ಒಂದು ಮುಷ್ಟಿ ಎಲೆ ಜಜ್ಜಿ ಹಿಂಡಿದ್ರೆ ಸಾಕು, ಗಂಟೆಗಟ್ಟಲೆ ಕುದಿಸ್ಬೇಡಿ, ಅದರ ಗುಣ ಇರುದೇ ಪರಿಮಳದ ಎಣ್ಣೆಯಲ್ಲಿ, ಅದು ಹಬೆಯೊಟ್ಟಿಗೆ ಹೋಗ್ತದೆ (ಓಮದಲ್ಲಿರುವ ಥೈಮಾಲ್ ಇದರಲ್ಲೂ ಉಂಟು). ವಾರಕ್ಕೆ ಎರಡು ದಿನ, ಬೆಳಗ್ಗಿನ ಹೊತ್ತು ಮಾತ್ರ, ಮಧ್ಯಾಹ್ನ ಪಾತ್ರೆ ತೊಳೆದು ಬರೀ ನೀರು. ನಿಪ್ಪಲ್ ಲೈನ್ (ಕೋಳಿ ಕೊಕ್ಕಲ್ಲಿ ಒತ್ತಿ ನೀರು ಕುಡಿಯುವ ಪೈಪು) ಇದ್ದವರು ಇದನ್ನು ಟ್ಯಾಂಕಿಗೆ ಹಾಕ್ಲೇಬೇಡಿ, ಚರಟ ಕಟ್ಟಿ ನಿಪ್ಪಲ್ ಬ್ಲಾಕ್ ಆಗ್ತದೆ, ಪೈಪಿನ ಒಳಗೆ ಲೋಳೆ ಬೆಳೀತದೆ.

ವಿನೆಗರ್ ಹಾಕುವವರಿಗೆ ಒಂದು ಮಾತು. ನಮ್ಮದು ಮುರಕಲ್ಲಿನ ಊರು, ಬಾವಿ ನೀರೂ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರೂ ಸುಮಾರು ಕಡೆ ಮೊದ್ಲೇ ಹುಳಿ ಗುಣದ್ದು, ಬೇರೆ ಊರಿನವರ ವಿಡಿಯೋ ನೋಡಿ ಅದಕ್ಕೆ ಇನ್ನೂ ಹುಳಿ ಸೇರಿಸಿದ್ರೆ ಕೋಳಿ ನೀರೇ ಕುಡಿಯುದಿಲ್ಲ, ನೀರು ಕುಡಿಯದ ಕೋಳಿ ಫೀಡೂ ತಿನ್ನುದಿಲ್ಲ. ಪಿಎಚ್ ಪಟ್ಟಿ ಅದ್ದಿ ನೋಡಿ, ಮತ್ತೆ ಯೋಚನೆ ಮಾಡಿ.

ಕಹಿಯದ್ದು ನನ್ನ ಸ್ವಂತ ಅನುಭವ. ಒಂದು ಬ್ಯಾಚಲ್ಲಿ ಕಹಿಬೇವು, ಕಿರಾತಕಡ್ಡಿ ಎರಡನ್ನೂ ಹುಡಿ ಮಾಡಿ ಕೈ ಅಳತೆಯಲ್ಲಿ ಧಾರಾಳ ಹಾಕಿದೆ, ಕಹಿ ಅಂದ್ರೆ ಹೊಟ್ಟೆಗೆ ಒಳ್ಳೆದಲ್ವಾ ಅಂತ. ನಾಲ್ಕು ದಿನ ಫೀಡರ್ ಖಾಲಿಯೇ ಆಗ್ಲಿಲ್ಲ, ಕೋಳಿ ಕೊಕ್ಕಿನಲ್ಲಿ ಕೆದಕಿ ಹೊರಗೆ ಚೆಲ್ಲಿದ್ದೇ ಜಾಸ್ತಿ, ಹಾಕಿದವ ನಾನೇ ಆದ ಕಾರಣ ಬೈಲಿಕ್ಕೂ ಯಾರೂ ಇಲ್ಲ. ಮೆಂತೆಯೂ ಹಾಗೆ, ಜಾಸ್ತಿ ಆದ್ರೆ ತಿನ್ನುದು ಕಮ್ಮಿ ಆಗ್ತದೆ. ತಮಾಷೆ ಎಂತ ಅಂದ್ರೆ ಗಾಂಧಾರಿ ಮೆಣಸು ಕೊಟ್ರೆ ಅದಕ್ಕೆ ಖಾರವೇ ಗೊತ್ತಾಗುದಿಲ್ಲ, ಹಕ್ಕಿಗಳಿಗೆ ಮೆಣಸಿನ ಖಾರ ನಮ್ಮ ಹಾಗೆ ಉರಿಯುದಿಲ್ಲ.

ಯುರೋಪಲ್ಲಿ 2006ರಿಂದ ತೂಕ ಬರ್ಲಿಕ್ಕೆ ಅಂತ ಆಂಟಿಬಯೋಟಿಕ್ ಫೀಡಿಗೆ ಹಾಕುದು ನಿಂತಿದೆ, ನಮ್ಮಲ್ಲಿ 2019ರಲ್ಲಿ ಕೋಳಿ, ದನಗಳಿಗೆ ಕೊಲಿಸ್ಟಿನ್ ಹೇಳುವ ಆಂಟಿಬಯೋಟಿಕ್ ಕೊಡುದು ನಿಷೇಧ ಆಯ್ತು, ಹಾಗಾಗಿ ಈಗ ಹರ್ಬಲ್ ಅಂತ ಬಾಟ್ಲಿ ಹಿಡ್ಕೊಂಡು ಬರುವವರು ಜಾಸ್ತಿ. ಬಾಟ್ಲಿಯಲ್ಲಿ ಎಂತ ಎಷ್ಟುಂಟು ಬರೆದಿಲ್ಲದಿದ್ರೆ ತಕ್ಕೊಳ್ಬೇಡಿ. ಇಂಟಿಗ್ರೇಷನಲ್ಲಿ, ಅಂದ್ರೆ ಕಂಪೆನಿಯ ಮರಿ, ಫೀಡು ತಕ್ಕೊಂಡು, ಸಾಕುವವರು ಸೂಪರ್‌ವೈಸರ್ ಹತ್ರ ಮೊದ್ಲೇ ಕೇಳಿ, ಫೀಡು ಕಂಪೆನಿಯದ್ದು, ಮತ್ತೆ ಎಫ್‌ಸಿಆರ್ (ಒಂದು ಕೆಜಿ ತೂಕ ಬರ್ಲಿಕ್ಕೆ ಎಷ್ಟು ಫೀಡು ಹೋಯ್ತು ಹೇಳುವ ಲೆಕ್ಕ) ಹೆಚ್ಚುಕಮ್ಮಿ ಆದ್ರೆ ಜಗಳ. ಆ ಫೀಡಲ್ಲಿ ರಕ್ತಬೇಧಿ ತಡೆಯುವ ಔಷಧಿ ಇದ್ರೆ, ಮಸಾಲೆ ಉಂಟಲ್ಲಾ ಅಂತ ಅದನ್ನು ನಿಲ್ಲಿಸ್ಲಿಕ್ಕೆ ಹೋಗ್ಬೇಡಿ. ಲಸೋಟಾ (ಕೊಕ್ಕರೆ ರೋಗದ್ದು, ರಾಣಿಖೇತ್ ಹೇಳ್ತಾರಲ್ಲ ಅದು), ಗಂಬೋರೊ ರೋಗದ ಲಸಿಕೆ ನೀರಲ್ಲಿ ಕೊಡುವ ದಿನ, ಅದರ ಹಿಂದಿನ ದಿನ, ಮರುದಿನ ಬೆಳ್ಳುಳ್ಳಿ ನೀರು ಬೇಡ.

ಗುಣ ಆಯ್ತಾ ಇಲ್ವಾ ಗೊತ್ತಾಗ್ಬೇಕಾದ್ರೆ ಶೆಡ್ಡಿನ ನಡುವೆ ಬಲೆ ಕಟ್ಟಿ ಅರ್ಧಕ್ಕೆ ಕೊಡಿ, ಅರ್ಧಕ್ಕೆ ಬಿಡಿ. ವಾರಕ್ಕೊಮ್ಮೆ ಎರಡೂ ಬದಿಯಿಂದ ಇಪ್ಪತ್ತಿಪ್ಪತ್ತು ಕೋಳಿ ಹಿಡಿದು ತೂಕ ಮಾಡಿ ಬರೆದಿಡಿ, ತಿಂದ ಫೀಡಿನ ಲೆಕ್ಕವನ್ನೂ ಬೇರೆ ಬೇರೆ ಬರೀರಿ. ಹಿಡಿಯುವಾಗ ದೊಡ್ಡದನ್ನೇ ಹೆಕ್ಕಿ ಹಿಡಿಯುದು ನಮ್ಮ ಕೈಯ ಅಭ್ಯಾಸ, ಅದಕ್ಕೆ ಒಂದು ಮೂಲೆಗೆ ಒತ್ತರಿಸಿ, ಬಂದದ್ದನ್ನು ಬಂದ ಹಾಗೆ ತಕ್ಕಡಿಗೆ ಹಾಕಿ.