ಎಣ್ಣೆ ಪರೀಕ್ಷೆ ಮಾಡದೆ ಬಯೋಡೀಸೆಲ್‌ಗೆ ಕೈ ಹಾಕಬೇಡಿ

ನಮ್ಮ ವಿದ್ಯಾರ್ಥಿ ಕ್ಲಬ್‌ನಲ್ಲಿ ಕರಿದು ಉಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಲು ಶುರು ಮಾಡಿದಾಗ ಮೊದಲ ಸಲವೇ ಚೆನ್ನಾಗಿ ಬಂತು. ಎರಡನೇ ಸಲ ಕೆಟ್ಟಿತು. ನಾನು ಕಲಿತಿದ್ದೆಲ್ಲ ಆ ಎರಡನೇ ಸಲದಿಂದಲೇ.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು. ಹಾಗಿದ್ದರೆ ಎಣ್ಣೆಯನ್ನೇ ಸುರಿಯಬಹುದಲ್ವಾ ಅಂತ ಹೊಸಬರು ಕೇಳುತ್ತಾರೆ. ಎಣ್ಣೆ ತುಂಬಾ ಮಂದ. ಈಗಿನ ಎಂಜಿನ್‌ಗಳ ಇಂಜೆಕ್ಟರ್‌ನಲ್ಲಿ ಅದು ಸರಿಯಾಗಿ ಸಿಂಪಡಣೆ ಆಗುವುದಿಲ್ಲ. ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿದರೆ ಎಣ್ಣೆಯಿಂದ ಗ್ಲಿಸರಿನ್ ಬೇರೆಯಾಗುತ್ತದೆ, ಉಳಿಯುವುದು ತೆಳುವಾದ ಬಯೋಡೀಸೆಲ್.

ಎರಡನೇ ಸಲದ ಎಣ್ಣೆ ಕಪ್ಪಗಿತ್ತು, ಜಾಸ್ತಿ ಸಲ ಕಾದಿದ್ದು. ನಾವು ಹಿಂದಿನ ಅಳತೆಯಷ್ಟೇ ಕಾಸ್ಟಿಕ್ ಹಾಕಿದೆವು. ಹಳೆಯ ಎಣ್ಣೆಯಲ್ಲಿರುವ ಆಮ್ಲ ಅದರಲ್ಲಿ ದೊಡ್ಡ ಪಾಲನ್ನು ತಿಂದು ಸೋಪಾಯಿತು. ಕೆಲಸ ಅರ್ಧಕ್ಕೇ ನಿಂತಿತು. ತೊಳೆಯಲು ನೀರು ಹಾಕಿದ ಕೂಡಲೇ ಇಡೀ ಪಾತ್ರೆ ಹಾಲಿನ ಹಾಗೆ ಬೆಳ್ಳಗಾಯಿತು. ಎರಡು ದಿನ ಕಾದರೂ ನೀರು ಕೆಳಗಿಳಿಯಲಿಲ್ಲ.

ಆಮೇಲೆ ಟೈಟ್ರೇಶನ್, ಅಂದರೆ ಎಣ್ಣೆಯಲ್ಲಿ ಎಷ್ಟು ಆಮ್ಲ ಇದೆ ಅಂತ ಅಳೆಯುವ ಪರೀಕ್ಷೆ, ಮಾಡದೆ ಒಂದು ಸಲವೂ ಬಯೋಡೀಸೆಲ್ ಮಾಡಿಲ್ಲ. 1 ಲೀಟರ್ ಡಿಸ್ಟಿಲ್ಡ್ ನೀರಿಗೆ 1 ಗ್ರಾಂ ಕಾಸ್ಟಿಕ್ ಕರಗಿಸಿಟ್ಟುಕೊಳ್ಳುತ್ತೇವೆ. ಬೇರೆ ಗಾಜಿನ ಲೋಟದಲ್ಲಿ 10 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ 1 ಮಿಲಿ ಎಣ್ಣೆ, ಎರಡು ಹನಿ ಫಿನಾಲ್ಫ್ಥಲೀನ್ (ಆಮ್ಲ ಮುಗಿದಾಗ ಗುಲಾಬಿಯಾಗುವ ಸೂಚಕ ದ್ರವ). ಅದಕ್ಕೆ ಕಾಸ್ಟಿಕ್ ನೀರನ್ನು ಹನಿಹನಿಯಾಗಿ ಬಿಡುತ್ತಾ ಅಲ್ಲಾಡಿಸಬೇಕು. ಗುಲಾಬಿ ಬಣ್ಣ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಹೋಗದೆ ನಿಂತಿತು ಅಂದಾಗ ಎಷ್ಟು ಮಿಲಿ ಆಯಿತು ನೋಡಿ. ಆ ಅಂಕಿಗೆ 3.5 ಸೇರಿಸಿದರೆ ಒಂದು ಲೀಟರ್ ಎಣ್ಣೆಗೆ ಬೇಕಾದ ಕಾಸ್ಟಿಕ್ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಆ ಕಪ್ಪು ಎಣ್ಣೆಗೆ 4 ಮಿಲಿ ಹಿಡಿಯಿತು. ಅಂದರೆ ಲೀಟರಿಗೆ 7.5 ಗ್ರಾಂ ಬೇಕಿತ್ತು!

ನೀರಿನ ಅಂಶವನ್ನೂ ನೋಡಲೇಬೇಕು. ಸ್ವಲ್ಪ ಎಣ್ಣೆಯನ್ನು ಸಣ್ಣ ಬಾಣಲೆಯಲ್ಲಿ ಬಿಸಿ ಮಾಡಿದರೆ ಸಾಕು. ಚಟಪಟ ಅಂದರೆ ನೀರಿದೆ, ಮೊದಲು ಒಣಗಿಸಿ.

ಉಳಿದದ್ದು ತಾಳ್ಮೆಯ ಕೆಲಸ. ಲೀಟರಿಗೆ 200 ಮಿಲಿ ಮೆಥನಾಲ್, ಅದರಲ್ಲಿ ಕರಗಿಸಿದ ಕಾಸ್ಟಿಕ್, 55 ಡಿಗ್ರಿಯ ಎಣ್ಣೆ, ಒಂದು ಗಂಟೆ ಕಲಕುವುದು, ರಾತ್ರಿಯಿಡೀ ಸುಮ್ನೆ ಬಿಡುವುದು. ಬೆಳಿಗ್ಗೆ ತಳದಲ್ಲಿ ಕಂದು ಗ್ಲಿಸರಿನ್, ಮೇಲೆ ಹೊಂಬಣ್ಣದ ಇಂಧನ. ಆ ಗೆರೆ ಕಂಡಾಗಿನ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ.

ಮೆಥನಾಲ್ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಆವಿಯೂ ವಿಷ, ಚರ್ಮದಿಂದಲೂ ಒಳಗೆ ಹೋಗುತ್ತದೆ. ಹಗಲಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದೇ ಕಷ್ಟ. ಕನ್ನಡಕ, ಕೈಗವಸು, ಚೆನ್ನಾಗಿ ಗಾಳಿಯಾಡುವ ಜಾಗ, ಮೇಲ್ವಿಚಾರಣೆಗೆ ಒಬ್ಬರು ಶಿಕ್ಷಕರು ಇರಲೇಬೇಕು. ಒಲೆಯ ಉರಿ ಹತ್ತಿರ ಸುಳಿಯಲೇಬಾರದು. ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಕಾಸ್ಟಿಕ್ ಅದನ್ನು ಕೊರೆದು ಹೈಡ್ರೋಜನ್ ಬಿಡುತ್ತದೆ.

ಕೊನೆಗೆ 27 ಮಿಲಿ ಮೆಥನಾಲ್‌ಗೆ 3 ಮಿಲಿ ಬಯೋಡೀಸೆಲ್ ಹಾಕಿ ಅಲ್ಲಾಡಿಸಿ ನೋಡುತ್ತೇವೆ. ಪೂರ್ತಿ ಕರಗಿದರೆ ಸರಿ. ತಳದಲ್ಲಿ ಒಂದೇ ಒಂದು ಎಣ್ಣೆಹನಿ ಕೂತರೂ ಆ ಬ್ಯಾಚ್ ಮತ್ತೆ ಪಾತ್ರೆಗೆ ಹೋಗುತ್ತದೆ.