ಡುವೀನ್ ಪ್ರಭುವಿನ ಬದುಕನ್ನು ಚಿತ್ರಗಳ ಬೆನ್ನು ಹಿಡಿದು ಬರೆದ ಬಗೆ

ಬ್ರಿಟನ್ನಿನ ಕಲಾಚಿತ್ರಗಳ ವ್ಯಾಪಾರಿ ಲಾರ್ಡ್ ಡುವೀನನ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ನಾನು ಮಾಡಿದ ಮೊದಲ ಎರಡು ಪ್ರಯತ್ನಗಳು ಪೂರ್ತಿ ಹಾಳಾದವು. ಮೂರನೆಯದು ಪುಸ್ತಕವಾಯಿತು, ಅದರ 500 ಪ್ರತಿಗಳು ಹತ್ತು ತಿಂಗಳೊಳಗೆ ಖರ್ಚಾಗಿ, ಈಗ ಎರಡನೆಯ ಮುದ್ರಣದ ಕರಡು ತಿದ್ದುತ್ತಿದ್ದೇನೆ. ಚಿತ್ರ ಮಾರುವವನ ಕಥೆಯನ್ನು ಮಾರಾಟದ ಲೆಕ್ಕದಿಂದ ಬರೆದರೆ ಅದು ಅಂಗಡಿಯ ಖಾತೆ ಪುಸ್ತಕವಾದೀತು ಎಂದಿದ್ದ ಗೆಳೆಯರೇ ಈಗ ದಾರಿ ಕೇಳುತ್ತಿರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಮೊದಲ ಕರಡು ಎಲ್ಲರೂ ಬರೆಯುವಂತೆ ಹುಟ್ಟಿನಿಂದ ಶುರುವಾಗಿತ್ತು. 1869ರಲ್ಲಿ ಹಲ್ ಪಟ್ಟಣದಲ್ಲಿ ಜನನ, ಹಾಲೆಂಡಿನಿಂದ ಬಂದು ನೆಲೆಸಿದ ಯಹೂದಿ ತಂದೆಯ ವ್ಯಾಪಾರ, 1919ರಲ್ಲಿ ನೈಟ್ ಪದವಿ, 1927ರಲ್ಲಿ ಬ್ಯಾರೊನೆಟ್, 1933ರಲ್ಲಿ ಮಿಲ್‌ಬ್ಯಾಂಕಿನ ಬ್ಯಾರನ್ ಡುವೀನ್. ಒಂದೂವರೆ ವರ್ಷ ಕೂತು 140 ಪುಟ ಬರೆದೆ. ಪ್ರಕಾಶಕರೊಬ್ಬರು ಅದನ್ನು ಆರು ತಿಂಗಳು ಇಟ್ಟುಕೊಂಡು, ಬಿರುದುಗಳ ಪಟ್ಟಿಯಂತಿದೆ ಎಂದು ಹಿಂತಿರುಗಿಸಿದರು. ಅವರ ಮಾತು ಸರಿಯಾಗಿತ್ತು. ಎರಡನೆಯ ಸಲ ಫ್ರಿಕ್, ಹಂಟಿಂಗ್ಟನ್, ಮೆಲನ್ ಹೀಗೆ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಅಧ್ಯಾಯ ಕೊಟ್ಟೆ. ಅಮೆರಿಕದ ಶ್ರೀಮಂತರ ಕಥೆ ಬೆಳೆಯಿತು, ಡುವೀನ್ ಮಾತ್ರ ಅವರ ಮನೆಬಾಗಿಲಲ್ಲೇ ನಿಂತುಬಿಟ್ಟ. ಹೊರದೇಶದಿಂದ ತರಿಸಿದ ಪುಸ್ತಕಗಳು, ಅಂಚೆ, ಬೆರಳಚ್ಚು ಎಲ್ಲ ಸೇರಿ ಈ ಎರಡು ಸೋಲುಗಳಿಗೆ ಸುಮಾರು 38 ಸಾವಿರ ರೂಪಾಯಿ ಕೈಬಿಟ್ಟಿತು.

ಲಾಸ್ ಏಂಜಲೀಸಿನ ಗೆಟ್ಟಿ ಸಂಶೋಧನಾ ಸಂಸ್ಥೆಯಲ್ಲಿರುವ, ಅವನ ಮನೆತನದ ವ್ಯಾಪಾರ ಸಂಸ್ಥೆ ಡುವೀನ್ ಬ್ರದರ್ಸ್‌ನ ಕಡತಗಳು ಡಿಜಿಟಲ್ ರೂಪದಲ್ಲಿ ಸಿಗುತ್ತವೆ. ಅಲ್ಲಿಯವರೆಗೆ ನಾನು ಪತ್ರಗಳನ್ನಷ್ಟೇ ಓದುತ್ತಿದ್ದೆ. ಮೂರನೆಯ ಸಲ ಪತ್ರಗಳನ್ನು ಬದಿಗಿಟ್ಟು ದಾಸ್ತಾನು ಪುಸ್ತಕಗಳಿಗೆ ಕೈಹಾಕಿದೆ. ಒಂದು ಚಿತ್ರಕ್ಕೆ ಒಂದು ಕಾರ್ಡು: ಯಾರಿಂದ ಕೊಂಡದ್ದು, ಎಷ್ಟಕ್ಕೆ, ಯಾರ ಕೃತಿಯೆಂದು ದೃಢೀಕರಿಸಿದವರು ಯಾರು, ಎಷ್ಟು ದಿನ ಕೈಯಲ್ಲಿತ್ತು, ಯಾರಿಗೆ ಹೋಯಿತು, ಈಗ ಎಲ್ಲಿದೆ. ಎಪ್ಪತ್ತರ ಹತ್ತಿರ ಕಾರ್ಡುಗಳಾದವು. ಅವನ್ನು ಹಜಾರದ ನೆಲದ ಮೇಲೆ ಇಸವಿಯ ಪ್ರಕಾರ ಹರಡಿದ ಸಂಜೆ, ಮನುಷ್ಯ ಮೊದಲ ಬಾರಿಗೆ ಕಣ್ಣಿಗೆ ಬಿದ್ದ.

ಗೇನ್ಸ್‌ಬರೊ ಬರೆದ 'ಬ್ಲೂ ಬಾಯ್' ಚಿತ್ರದ ಕಾರ್ಡನ್ನೇ ನೋಡಿ. 1921ರಲ್ಲಿ ವೆಸ್ಟ್‌ಮಿನ್‌ಸ್ಟರ್ ಡ್ಯೂಕನಿಂದ ಕೊಂಡು ಹಂಟಿಂಗ್ಟನ್‌ಗೆ ಸುಮಾರು 7 ಲಕ್ಷ 28 ಸಾವಿರ ಡಾಲರಿಗೆ ಮಾರಿದ ಡುವೀನ್, ಚಿತ್ರ ದೇಶ ಬಿಡುವ ಮೊದಲು 1922ರ ಜನವರಿಯಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಅದು ಮೂರು ವಾರ ಪ್ರದರ್ಶನಗೊಂಡಾಗ ಸುಮಾರು 90 ಸಾವಿರ ಜನ ಬಂದು ಬೀಳ್ಕೊಡುವುದನ್ನು ಕಂಡ. ಗ್ಯಾಲರಿಯ ನಿರ್ದೇಶಕ ಚಾರ್ಲ್ಸ್ ಹೋಮ್ಸ್ ಚಿತ್ರದ ಹಿಂಬದಿಯಲ್ಲಿ 'ಓ ರೆವ್ವಾ', ಅಂದರೆ ಮತ್ತೆ ಕಾಣೋಣ, ಎಂದು ಬರೆದ. ನನ್ನ ಅಧ್ಯಾಯ ಚಿತ್ರದ ಮುಂಭಾಗವನ್ನು ಬಿಟ್ಟು ಆ ಬರಹದಿಂದಲೇ ಆರಂಭವಾಗುತ್ತದೆ. ಸರಿಯಾಗಿ ನೂರು ವರ್ಷದ ಮೇಲೆ, 2022ರ ಜನವರಿಯಲ್ಲಿ, ಚಿತ್ರ ಅದೇ ಗ್ಯಾಲರಿಗೆ ಪ್ರದರ್ಶನಕ್ಕೆ ಮರಳಿತು. ಪುಸ್ತಕದಲ್ಲಿ ಓದುಗರು ಅತಿ ಹೆಚ್ಚು ಮೆಚ್ಚಿದ್ದು ಈ ಅಧ್ಯಾಯವನ್ನೇ.

'ದೃಢೀಕರಿಸಿದವರು' ಎಂಬ ಅಂಕಣ ಇಟಲಿಯ ಹಳೆಯ ಚಿತ್ರಗಳ ಪರಿಣತ ಬೆರೆನ್‌ಸನ್‌ನನ್ನು ಹಿಡಿದುಕೊಟ್ಟಿತು. 1912ರ ಗುಟ್ಟಿನ ಒಪ್ಪಂದದಂತೆ ಲಾಭದಲ್ಲಿ ಶೇಕಡಾ 25 ಪಡೆಯುತ್ತಿದ್ದ ಈ ಪಂಡಿತನಿಗೆ ಸಂಸ್ಥೆಯೊಳಗಿನ ಗುಪ್ತನಾಮ 'ಡೋರಿಸ್'. 1937ರಲ್ಲಿ ಯೇಸುವಿನ ಜನನದ 'ಅಲೆಂಡೇಲ್ ನೇಟಿವಿಟಿ' ಚಿತ್ರ ವೆನಿಸ್ಸಿನ ಕಲಾವಿದ ಜಾರ್ಜೋನೆಯದೆಂದು ಡುವೀನ್, ಅದೇ ಊರಿನ ಟಿಷಿಯನ್ನನದೆಂದು ಬೆರೆನ್‌ಸನ್ ಪಟ್ಟು ಹಿಡಿದು ಇಬ್ಬರೂ ಬೇರೆಯಾದರು. ಈ ಜಗಳ ಅನೇಕರಿಗೆ ಗೊತ್ತಿರುವುದೇ. ಆದರೆ ಅದಕ್ಕೆ ಹಿಂದಿನ ವರ್ಷಗಳಲ್ಲಿ ಗುಪ್ತನಾಮಗಳನ್ನೂ ಅಂಕಿಗಳ ಬದಲು ಗುಟ್ಟಿನ ಅಕ್ಷರಗಳಲ್ಲಿ ಬರೆದ ಬೆಲೆಗಳನ್ನೂ ಒಂದಕ್ಕೊಂದು ಹೊಂದಿಸಲು ನಾನು ಕಂಡುಕೊಂಡ ಉಪಾಯವನ್ನು ಮುಂದಿನ ಪುಸ್ತಕ ಮುಗಿಯುವವರೆಗೆ ಹೇಳುವುದಿಲ್ಲ. ಅದಕ್ಕೆ ನನ್ನ ಎರಡು ಬೇಸಿಗೆಗಳು ಹಿಡಿದಿವೆ.

ನಡುವೆ ಎರಡು ಅಡ್ಡ ಪ್ರಯೋಗಗಳನ್ನು ಮಾಡಿದೆ. ಮೊದಲನೆಯದು ಹಣದ್ದು. ಡಾಲರನ್ನು ಇಂದಿನ ರೂಪಾಯಿಗೆ ತಿರುಗಿಸಿದಾಗ ಅಂಕಿಗಳು ಉಬ್ಬಿ ಅರ್ಥ ಕಳೆದುಕೊಂಡವು. ಬದಲಿಗೆ ಅಂದಿನ ವಿನಿಮಯ ದರವನ್ನೇ ಹಿಡಿದೆ: 1936ರಲ್ಲಿ ಮೆಲನ್ 24 ಚಿತ್ರ ಮತ್ತು 18 ಶಿಲ್ಪಗಳಿಗೆ ಕೊಟ್ಟ 2 ಕೋಟಿ 10 ಲಕ್ಷ ಡಾಲರ್, ಪೌಂಡಿಗೆ ಸುಮಾರು 5 ಡಾಲರ್, ಪೌಂಡಿಗೆ ಹದಿಮೂರು ಚಿಲ್ಲರೆ ರೂಪಾಯಿ ಎಂಬ ಲೆಕ್ಕದಲ್ಲಿ ಸುಮಾರು ಐದೂವರೆ ಕೋಟಿ ರೂಪಾಯಿ. ಅಜ್ಜಂದಿರ ಕಾಲದ ರೂಪಾಯಿಯ ಬೆಲೆ ಬಲ್ಲ ಓದುಗರಿಗೆ ಇದು ತಟ್ಟಿತು.

ಎರಡನೆಯದು ಮೊಕದ್ದಮೆಯ ಅಧ್ಯಾಯ. ಕ್ಯಾನ್ಸಸ್ ಸಿಟಿಯ ಆಂಡ್ರೆ ಹಾನ್ ಎಂಬಾಕೆಯ ಬಳಿಯಿದ್ದ, ಲಿಯೊನಾರ್ಡೊ ಡ ವಿಂಚಿಯದೆಂದು ಹೇಳಲಾದ 'ಲ ಬೆಲ್ ಫೆರೊನಿಯೇರ್' ಚಿತ್ರ ನಕಲು ಎಂದು 1920ರಲ್ಲಿ ಡುವೀನ್ ಪತ್ರಿಕೆಗೆ ಹೇಳಿಬಿಟ್ಟ. ಆಕೆ 5 ಲಕ್ಷ ಡಾಲರ್ ಪರಿಹಾರಕ್ಕೆ ದಾವೆ ಹೂಡಿದಳು. 1929ರ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ, ಕೊನೆಗೆ 60 ಸಾವಿರ ಡಾಲರ್ ಕೊಟ್ಟು ಡುವೀನ್ ರಾಜಿಯಾದ. ಕರಡಿನಲ್ಲಿ ಇದು ಒಣಗಿತ್ತು. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಇಬ್ಬರು ಗೆಳೆಯರನ್ನು ಕೂರಿಸಿ, ಒಬ್ಬರಿಗೆ ವ್ಯಾಪಾರಿಯ ಪಕ್ಷ, ಇನ್ನೊಬ್ಬರಿಗೆ ಆಕೆಯ ಪಕ್ಷ ಕೊಟ್ಟು ಎರಡು ಗಂಟೆ ವಾದ ಕೇಳಿದೆ. ಹೆಸರು ಮಾಡಿದವನ ಬಾಯಿಮಾತಿನಿಂದಲೇ ಒಬ್ಬರ ಆಸ್ತಿ ಕಾಗದವಾಗಿಬಿಡಬಹುದೇ ಎಂಬ ಆಕೆಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅಧ್ಯಾಯವನ್ನು ಆಕೆಯ ಕಡೆಯಿಂದ ಮತ್ತೆ ಬರೆದೆ.

ಪುಸ್ತಕಕ್ಕೆ ಡಿಟಿಪಿ, ಕಾಗದ, ಮುದ್ರಣ ಸೇರಿ ಸುಮಾರು 92 ಸಾವಿರ ತಗುಲಿತು. ಎಂಟು ಬಣ್ಣದ ಚಿತ್ರಗಳಲ್ಲಿ ಆರನ್ನು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಉಚಿತವಾಗಿ ಕೊಡುವ ಸಂಗ್ರಹದಿಂದ ಆರಿಸಿದ್ದರಿಂದ ದೊಡ್ಡ ಖರ್ಚು ಉಳಿಯಿತು. ಬೆಲೆ 260 ರೂಪಾಯಿ. 300 ಪ್ರತಿ ನಾನೇ ಅಂಚೆಯಲ್ಲಿ ಕಳುಹಿಸಿದೆ, ಉಳಿದವು ಅಂಗಡಿಗಳಿಗೆ ಶೇಕಡಾ 40 ಕಮಿಷನ್ನಿನಲ್ಲಿ ಹೋದವು. ಕೈಗೆ 13–14 ಸಾವಿರ ಉಳಿಯಿತು. ಹಿಂದಿನ 38 ಸಾವಿರ ಇನ್ನೂ ಬಂದಿಲ್ಲ.

ಈ ವಿಧಾನ ಕೈಕೊಟ್ಟದ್ದು ಒಂದೇ ಕಡೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗ್ರೀಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳಿಗಾಗಿ ಡುವೀನ್ ಕಟ್ಟಿಸಿಕೊಟ್ಟ ಸಭಾಂಗಣ ದಾನವಾದ್ದರಿಂದ ಅದಕ್ಕೆ ನನ್ನಲ್ಲಿ ಕಾರ್ಡೇ ಇರಲಿಲ್ಲ. ಶಿಲ್ಪಗಳು ಬೆಳ್ಳಗೆ ಕಾಣಲೆಂದು 1937–38ರಲ್ಲಿ ತಾಮ್ರದ ಉಳಿಗಳಿಂದ ಅವನ್ನು ಹೆರೆದದ್ದು, 1939ರ ಮೇ ತಿಂಗಳಲ್ಲಿ ಅವನು ತೀರಿಕೊಂಡದ್ದು, ಯುದ್ಧದ ಬಾಂಬಿನಿಂದ ಜಖಂಗೊಂಡ ಸಭಾಂಗಣ 1962ರವರೆಗೆ ತೆರೆಯದೆ ಉಳಿದದ್ದು ಮೊದಲ ಮುದ್ರಣದಲ್ಲಿ ಅರ್ಧ ಪುಟದಲ್ಲಿ ಮುಗಿದುಹೋಗಿವೆ. ಈಗ ದಾನಗಳಿಗೂ ಕಾರ್ಡು ಮಾಡಿದ್ದೇನೆ. ಅವುಗಳಲ್ಲಿ ಕೊಂಡವರ ಹೆಸರಿನ ಜಾಗದಲ್ಲಿ, ಅದಾದ ಮೇಲೆ ಅವನಿಗೆ ದೊರೆತ ಬಿರುದನ್ನೂ ಅದರ ಇಸವಿಯನ್ನೂ ಬರೆಯುತ್ತಿದ್ದೇನೆ.