ಸ್ಟ್ರೀಟ್ ಹಾಕ್ ಮತ್ತೆ ನೋಡೋಕೆ ನಾವು ಕೂರೋದು ಹೀಗೆ

ಹಳೇ ಸೀರಿಯಲ್ ಮತ್ತೆ ನೋಡ್ತೇವೆ ಅಂತ ಕೂತವ್ರು ಸಾಮಾನ್ಯ ಎಂತ ಮಾಡ್ತಾರೆ ಅಂದ್ರೆ, ಟೈಟಲ್ ಮ್ಯೂಸಿಕ್ಕಿಗೆ ಒಂದು ಶಿಳ್ಳೆ ಹೊಡೀತಾರೆ, ಹತ್ತು ನಿಮಿಷ ಆದ್ಮೇಲೆ "ಅಯ್ಯ, ಇದೆಂತ ಮಾರಾಯ ಇಷ್ಟು ನಿಧಾನ" ಅಂತ ಮೊಬೈಲ್ ತೆಗೀತಾರೆ. ನಮ್ಮ ಗುಂಪಲ್ಲಿ ಹಂಗಾಗಲ್ಲ. ನಾವು ಪ್ಲೇ ಒತ್ತೋ ಮೊದ್ಲು ಎಲ್ರ ಕೈಗೂ ಒಂದೊಂದು ಬಿಳಿ ಹಾಳೆ ಕೊಡ್ತೇವೆ (ನಂದು ಕಾರವಾರದಲ್ಲಿ ಝೆರಾಕ್ಸ್ ಅಂಗಡಿ, ಹಾಳೆಗೆ ಬರ ಇಲ್ಲ). ಆ ಕಂತಿನ ಬಗ್ಗೆ ಏನೇನು ನೆನಪಿದೆ ಎಲ್ಲಾ ಬರೀಬೇಕು, ಪಕ್ಕದವನ ಹಾಳೆ ನೋಡೋ ಹಾಗಿಲ್ಲ, ಗೂಗಲ್ ಮಾಡೋ ಹಾಗಂತೂ ಇಲ್ವೇ ಇಲ್ಲ. ಬರ್ದು ಮಡಚಿ ಡಬ್ಬಿಗೆ ಹಾಕಿದ್ಮೇಲೇನೇ ಟಿವಿ ಆನ್.

ನಾವು ನೋಡೋದು ಸ್ಟ್ರೀಟ್ ಹಾಕ್. ಗೊತ್ತಿಲ್ದವ್ರಿಗೆ ಹೇಳ್ಬೇಕಂದ್ರೆ, 1985ರ ಜನವರಿ 4ಕ್ಕೆ ಅಮೆರಿಕದ ಎಬಿಸಿ ಚಾನೆಲ್ಲಲ್ಲಿ ಶುರುವಾಗಿ ಮೇ ತಿಂಗಳಿಗೆ ಮುಗಿದೇ ಹೋದ ಸೀರಿಯಲ್ಲು, ಇರೋದೇ 13 ಕಂತು. ಜೆಸ್ಸಿ ಮಾಕ್ ಅನ್ನೋ ಲಾಸ್ ಏಂಜಲೀಸಿನ ಬೈಕ್ ಪೊಲೀಸು, ಗಂಟೆಗೆ 300 ಮೈಲಿ ಓಡೋ ಒಂದು ಕಪ್ಪು ಬೈಕು, ಅದನ್ನ ಮಾಡಿದ ನಾರ್ಮನ್ ಟಟಲ್ ಅನ್ನೋ ಸದಾ ಟೆನ್ಶನ್ನಲ್ಲಿರೋ ಸರ್ಕಾರಿ ಮನುಷ್ಯ, ಇಷ್ಟೇ. ಅಲ್ಲಿ ಅರ್ಧ ವರ್ಷ ನಿಲ್ಲಲಿಲ್ಲ, ಆದ್ರೆ ಆಮೇಲೆ ನಮ್ಮ ದೂರದರ್ಶನದಲ್ಲಿ ಬಂದಾಗ ಇಲ್ಲಿ ಹುಡುಗ್ರೆಲ್ಲ ಸೈಕಲ್ ಹ್ಯಾಂಡಲಿಗೆ ರಟ್ಟು ಕಟ್ಕೊಂಡು ತಿರುಗಿದ್ದು ಕೋಡಿಬಾಗದ ರಸ್ತೆಗೆ ಇವತ್ತಿಗೂ ನೆನಪಿರ್ಬೇಕು.

ಸೇರೋದು ಮಳೆಗಾಲದಲ್ಲೇ. ಅದಕ್ಕೆ ಕಾರಣ ನಮ್ಮ ಬೋಟಿನವ, ಟ್ರಾಲರ್ ಮೇಲೆ ಹೋಗ್ತಾನೆ, ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ಬಂದ್ ಇರ್ತದಲ್ಲ, ಆಗ ಮಾತ್ರ ಅವ ಮನೇಲಿ ಸಿಗೋದು. ಇನ್ನು ಒಬ್ಬ ಗ್ಯಾರೇಜಿನವ, ಒಬ್ಬ ಬಸ್ ಡ್ರೈವರ್, ಹೊನ್ನಾವರದಿಂದ ಬರೋ ಒಬ್ಬ ಮದ್ದಳೆಯವ (ಮಳೆಗಾಲದಲ್ಲಿ ಯಕ್ಷಗಾನ ಮೇಳದ ತಿರುಗಾಟ ಇರಲ್ಲ, ಅವಂಗೂ ಪುರಸೊತ್ತು), ಶಿರಸಿಯಿಂದ ಘಟ್ಟ ಇಳಿದು ಬರೋ ಒಬ್ಬ ಅಡಿಕೆ ತೋಟದವ, ಅವನ ಹೆಂಡತಿ ಹೈಸ್ಕೂಲ್ ಟೀಚರ್, ನಮಗೆಲ್ಲ ಅತ್ತಿಗೆ. ಸಂಜೆ ಅವಲಕ್ಕಿ ಒಗ್ಗರಣೆ, ಚಾ, ಆಮೇಲೆ ಗ್ಯಾರೇಜಿನವನ ಮನೆ ಮಹಡಿ.

ಕಂತು ಸಿಗೋದು ಹೆಂಗೆ ಅಂತ ಕೇಳ್ತೀರಿ. 2010ರಲ್ಲಿ ಅಮೆರಿಕದಲ್ಲಿ ಪೂರ್ತಿ ಡಿವಿಡಿ ಸೆಟ್ ಬಂತು, ತೋಟದವನ ಅಳಿಯ ತಂದ್ಕೊಟ್ಟ. ಆದ್ರೆ ಡಿವಿಡಿಗೆ ರೀಜನ್ ಅಂತ ದೇಶ ದೇಶಕ್ಕೆ ಬೇರೆ ಬೇರೆ ನಂಬರಿನ ಬೀಗ ಇರ್ತದೆ, ಅದು ರೀಜನ್ 1ರ ಡಿಸ್ಕು, ನಮ್ಮ ದೇಶದ್ದು ರೀಜನ್ 5, ಮನೆ ಪ್ಲೇಯರ್ ಅದನ್ನ ಮುಟ್ಟೋದೂ ಇಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವಲ್ಲಿ ರೀಜನ್ ಬದಲಾಯಿಸ್ಬಹುದು, ಆದ್ರೆ ಐದೇ ಸಲ, ಆಮೇಲೆ ಅಲ್ಲೇ ಲಾಕ್. ಅದಕ್ಕೇ ನಾನು ಅಂಗಡಿಲಿ ಬಿದ್ದಿದ್ದ ಹಳೇ ಕಂಪ್ಯೂಟರ್ ಒಂದನ್ನ ರೀಜನ್ 1ಕ್ಕೆ ಸೆಟ್ ಮಾಡಿ ಬಿಟ್ಟಿದ್ದೇನೆ, ಅದನ್ನ ಬೇರೆ ಯಾವುದಕ್ಕೂ ಮುಟ್ಟಲ್ಲ. ಅದರಿಂದ ಕೇಬಲ್ ಎಳೆದು ಟಿವಿಗೆ.

ಟಿವಿಲಿ ಎರಡು ವಿಷಯ ಮೊದ್ಲೇ ಸರಿ ಮಾಡ್ಬೇಕು, ಇದು ಯಾವ ಹಳೇ ಸೀರಿಯಲ್ಲಿಗೂ ಆಗ್ತದೆ. ಒಂದು, ಚಿತ್ರದ ಅಳತೆ 4:3 ಇಡಿ, ಈಗಿನ ಟಿವಿ ತಾನಾಗೇ ಅಗಲಕ್ಕೆ ಎಳೀತದೆ, ಹೀರೋ ಡುಮ್ಮ ಆಗ್ತಾನೆ, ಬೈಕು ಟೆಂಪೋ ಥರ ಕಾಣ್ತದೆ. ಎರಡು, ಮೋಶನ್ ಸ್ಮೂತಿಂಗ್ ಅಂತ, ಓಡಾಟವನ್ನ ನುಣುಪು ಮಾಡೋ ಸೆಟ್ಟಿಂಗ್ ಒಂದಿರ್ತದೆ, ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಅದನ್ನ ಆಫ್ ಮಾಡಿ, ಇಲ್ಲಾಂದ್ರೆ ಫಿಲ್ಮಲ್ಲಿ ತೆಗೆದದ್ದೆಲ್ಲ ಮದುವೆ ವೀಡಿಯೋ ಆಗಿಹೋಗ್ತದೆ. ನಮ್ಮ ಕಡೆಯವ್ರಿಗೆ ಮೂರನೇದೂ ಒಂದುಂಟು. ಮಹಡಿ ಮೇಲೆ ತಗಡಿನ ಶೀಟು ಇದ್ರೆ ಮಳೆ ಹೊಡೆತಕ್ಕೆ ಡೈಲಾಗು ಹೋಯ್ತು ಅಂತಲೇ ಲೆಕ್ಕ, ವಾಲ್ಯೂಮ್ ಜಾಸ್ತಿ ಮಾಡಿ ಉಪಯೋಗ ಇಲ್ಲ, ಸ್ಪೀಕರನ್ನ ಟಿವಿ ಹತ್ರ ಇಡದೆ ಕೂತವ್ರ ಕಿವಿ ಮಟ್ಟಕ್ಕೆ ಎರಡೂ ಬದಿ ಹತ್ರ ತಂದಿಡಿ.

ಮೊದಲ್ನೇ ಸಲ ನಿಲ್ಲಿಸದೇ ನೋಡೋದು. ಮಾತಾಡಬಹುದು, ನಗಬಹುದು, ಪಾಝ್ ಮಾತ್ರ ಒತ್ತೋ ಹಾಗಿಲ್ಲ.

ನಾವು ಮೊದ್ಲು ಹಿಡಿದದ್ದು ಪೈಲಟ್ ಕಂತು, ಅಂದ್ರೆ ಸೀರಿಯಲ್ಲಿನ ಮೊದಲ್ನೇ ಕಂತು, ಅದು ಉಳಿದವಕ್ಕಿಂತ ಉದ್ದ. ಜೆಸ್ಸಿಯ ದೋಸ್ತ ಮಾರ್ಟಿ ಅಂತ ಇನ್ನೊಬ್ಬ ಪೊಲೀಸು, ಅವನು ಕೊರಿಡೋ ಅನ್ನೋ ಡ್ರಗ್ಸ್ ದೊರೆಯ ದೆಸೆಯಿಂದ ಸಾಯ್ತಾನೆ, ಜೆಸ್ಸಿ ಕಾಲಿಗೆ ಪೆಟ್ಟಾಗ್ತದೆ, ಬೈಕ್ ಡ್ಯೂಟಿ ಹೋಗಿ ಆಫೀಸಲ್ಲಿ ಪ್ರಚಾರದ ಕೆಲಸಕ್ಕೆ ಕೂರಿಸ್ತಾರೆ. ಆಗ ನಾರ್ಮನ್ ಬಂದು, ನಿನ್ನ ಮಂಡಿಗೆ ಹೊಸ ಥರದ ಆಪರೇಶನ್ ಮಾಡಿಸ್ತೇನೆ, ನೀ ನಮ್ಮ ಗುಟ್ಟಿನ ಬೈಕ್ ಓಡಿಸು ಅಂತಾನೆ.

ಈಗ ಡಬ್ಬಿ ಒಡೆದು ಹಾಳೆ ಓದಿದ್ರೆ ಏನಿತ್ತು ಅಂತೀರಿ! ನಮ್ಮಲ್ಲಿ ಅರ್ಧಕ್ಕರ್ಧ ಜನ "ಹೀರೋನ ಅಣ್ಣನ್ನ ಕೊಲ್ತಾರೆ" ಅಂತ ಬರ್ದಿದ್ರು. ಅಣ್ಣ ಎಲ್ಲಿಂದ ಬಂದ? ಆವಾಗ ನಮಗೆ ಡೈಲಾಗು ಒಂದಕ್ಷರ ತಿಳೀತಿರ್ಲಿಲ್ಲ, ಚಿತ್ರ ನೋಡಿ ಕತೆ ನಾವೇ ಕಟ್ಕೊಂಡಿದ್ದು, ಮತ್ತೆ ನಾವು ಟೆಂಟಲ್ಲಿ ನೋಡ್ತಿದ್ದ ಸಿನಿಮಾದಲ್ಲೆಲ್ಲ ಸೇಡು ತೀರಿಸ್ಬೇಕಂದ್ರೆ ಮನೆಯವ್ರೇ ಸಾಯ್ಬೇಕಿತ್ತು, ದೋಸ್ತ ಸತ್ತದ್ದಕ್ಕೆ ಯಾರು ಅಷ್ಟು ದೂರ ಹೋಗ್ತಿದ್ರು. ಬೋಟಿನವ ಬರ್ದದ್ದು ಇನ್ನೂ ಮಜಾ, ನಾರ್ಮನ್ನೇ ಕಡೆಗೆ ವಿಲನ್ ಅಂತ, ಯಾಕೆ ಅಂದ್ರೆ "ಅವ ಕನ್ನಡಕ ಹಾಕ್ಕೊಂಡು ಕತ್ಲೆ ರೂಮಲ್ಲಿ ಕೂತು ಗುಂಡಿ ಒತ್ತುತಿದ್ದ, ಒಳ್ಳೆಯವ ಯಾರು ಹಂಗೆ ಕೂರ್ತಾರೆ."

ಬಣ್ಣದ್ದು ಬೇರೆ ಗಲಾಟೆ. ಬೈಕಿನಿಂದ ಬರೋ ಲೇಸರ್ ಕೆಂಪು ಅಂತ ಗ್ಯಾರೇಜಿನವ, ಹಸುರು ಅಂತ ಡ್ರೈವರ್ರು, ಇಬ್ರೂ ದೇವ್ರಾಣೆ ಅಂತಾರೆ, ಆದ್ರೆ ನಾವೆಲ್ಲ ನೋಡಿದ್ದು ಬ್ಲ್ಯಾಕ್ ಅಂಡ್ ವೈಟ್ ಟಿವಿಲಿ! ಅತ್ತಿಗೆ ಪಾಟಿಸವಾಲು ಮಾಡಿ ಮಾಡಿ ಹೊರಗೆ ತಂದ್ರು. ಡ್ರೈವರ್ ನೋಡ್ತಿದ್ದದ್ದು ಅವನ ಮಾವನ ಮನೇಲಿ, ಅಲ್ಲಿ ಟಿವಿ ಮುಂದೆ ಆಗಿನ ಕಾಲದ ಆ ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿದ್ರು, ಮೇಲೆ ನೀಲಿ, ಕೆಳಗೆ ಹಸುರು, ಬೈಕು ಯಾವಾಗ್ಲೂ ಪರದೆಯ ಕೆಳಗಿನ ಭಾಗದಲ್ಲೇ ತಾನೆ ಓಡೋದು. ಗ್ಯಾರೇಜಿನವನ ಕೆಂಪಿಗೆ ಮಾತ್ರ ಇನ್ನೂ ಸಾಕ್ಷಿ ಸಿಕ್ಕಿಲ್ಲ. ಹಾಳೆ ಪದ್ಧತಿ ಇಲ್ದಿದ್ರೆ ಇವೆಲ್ಲ ಹೊರಗೇ ಬರ್ತಿರ್ಲಿಲ್ಲ, ಕಂತು ನೋಡಿದ ಕೂಡ್ಲೇ ಹೊಸ ಚಿತ್ರ ಹಳೇದರ ಮೇಲೆ ಕೂತು, ನಂಗೆ ಮೊದ್ಲಿಂದ ಹೀಗೇ ನೆನಪಿತ್ತು ಅಂತ ಎಲ್ರೂ ಸಾಧಿಸ್ತಿದ್ರು.

ಎರಡನೇ ಸಲ ನೋಡುವಾಗ ಕೆಲಸ ಹಂಚ್ತೇವೆ. ಗ್ಯಾರೇಜಿನವಂಗೆ ಬೈಕು ಮಾತ್ರ, ಡ್ರೈವರಿಗೆ ರಸ್ತೆ ಮತ್ತೆ ವೇಗ, ಮದ್ದಳೆಯವಂಗೆ ಸದ್ದು, ಅತ್ತಿಗೆಗೆ ಯಾರು ಯಾರಿಗೆ ಏನ್ ಹೇಳಿದ್ರು ಏನ್ ಮುಚ್ಚಿಟ್ರು ಅನ್ನೋದು, ತೋಟದವನಿಗೆ ಒಮ್ಮೆ ತೋರಿಸಿದ ಶಾಟು ಮತ್ತೆ ಬಂತಾ ಅಂತ ನೋಡೋದು. ಈಗ ಯಾರು ಕೈ ಎತ್ತಿದ್ರೂ ಪಾಝ್.

ಗ್ಯಾರೇಜಿನವ ಕೈ ಇಳಿಸೋದೇ ಇಲ್ಲ. ಆ ಕಪ್ಪು ಕವಚದ ಒಳಗಿರೋದು ಹೋಂಡಾ, ಪೈಲಟ್ಟಿಗೆ ಎಕ್ಸ್‌ಎಲ್ 500, ಮುಂದಿನ ಕಂತುಗಳಿಗೆ ಸಿಆರ್ 250. ಮೊದಲ್ನೇದು ಫೋರ್ ಸ್ಟ್ರೋಕು, ಎರಡನೇದು ಟು ಸ್ಟ್ರೋಕ್ ಮೋಟೋಕ್ರಾಸ್ ಬೈಕು, ಹಂಗಾಗಿ ಎರಡರ ಸದ್ದೂ ಬೇರೆ ಬರ್ಬೇಕಲ್ಲ, ಆದ್ರೆ ನಮ್ಗೆ ಕೇಳಿಸೋದು ಎರಡೂ ಅಲ್ಲ, ಏನೋ ವಿಮಾನ ಎದ್ದ ಹಾಗೆ. "ಟು ಸ್ಟ್ರೋಕ್ ಸದ್ದು ನಂಗೆ ಕಲಿಸ್ಬೇಡ, ಅರ್ಧ ಆಯುಷ್ಯ ಆರ್‌ಎಕ್ಸ್ 100ರ ಸೈಲೆನ್ಸರ್ ಕಾರ್ಬನ್ ತೆಗೆದದ್ದೇ ಆಯ್ತು" ಅಂತಾನೆ. (ಆರ್‌ಎಕ್ಸ್ 100 ನಮ್ಮಲ್ಲಿ ಬಂದದ್ದೂ 1985ರಲ್ಲೇ, ಅದಕ್ಕೆ ಕಪ್ಪು ಬಣ್ಣ ಹೊಡೆಸ್ಕೊಂಡವ್ರೆಲ್ಲ ಯಾಕೆ ಹೊಡೆಸ್ಕೊಂಡ್ರು ಅಂತ ನಮಗೆ ಗೊತ್ತುಂಟು.)

ಇನ್ನು ಹೈಪರ್‌ಥ್ರಸ್ಟು, ಅಂದ್ರೆ ಬೈಕು ಆ 300 ಮೈಲಿ ವೇಗಕ್ಕೆ ಏರೋದು. ಇದನ್ನೇ ನೋಡೋಕೆ ಅಲ್ವಾ ಎಲ್ರೂ ಕೂರೋದು. ಇದಕ್ಕೆ ಕಂಪ್ಯೂಟರಲ್ಲಿ ವೀಡಿಯೋ ನೋಡೋ ವಿಎಲ್‌ಸಿ ಪ್ಲೇಯರ್ ಬೇಕು, ಎಡಗಡೆ ಚೌಕ ಬ್ರಾಕೆಟ್ ಒತ್ತಿದ್ರೆ ವೇಗ ಕಮ್ಮಿ ಆಗ್ತದೆ, ಇ ಒತ್ತಿದ್ರೆ ಒಂದೊಂದೇ ಫ್ರೇಮು ಮುಂದೆ ಹೋಗ್ತದೆ. ಅರ್ಧ ವೇಗಕ್ಕೆ ಇಳಿಸಿ ನೋಡಿ, ಬೈಕ್ ಮೇಲಿಂದ ಕಾಣೋ ಬೀದಿ ಎಲ್ಲ ಆರಾಮಾಗಿ ಮಾಮೂಲಿ ಸವಾರಿ ಥರ ಆಗ್ತದೆ. ಮರ್ಮ ಎಂತ ಅಂದ್ರೆ ಸೆಕೆಂಡಿಗೆ 24 ಫ್ರೇಮ್ ತೆಗೆಯೋ ಬದ್ಲು ಕಮ್ಮಿ ತೆಗೀತಾರೆ, ಉದಾಹರಣೆಗೆ 12 ತೆಗೆದು 24ರಲ್ಲಿ ಓಡಿಸಿದ್ರೆ ವೇಗ ಡಬಲ್ಲು, ಇನ್ನೂ ಕಮ್ಮಿ ತೆಗೆದ್ರೆ ಇನ್ನೂ ಜೋರು. ಗೊತ್ತಾದ್ಮೇಲೆ ಮಜಾ ಹೋಗ್ತದೆ ಅಂತ ತೋಟದವನಿಗೆ ಬೇಜಾರು, ನಂಗೇನೋ ಹಂಗನ್ಸಲ್ಲ, ಬಣ್ಣದ ಚೌಕಿಯಲ್ಲಿ ವೇಷ ಕಟ್ಟೋದನ್ನ ನೋಡಿ ಬಂದವನೂ ಬೆಳಗಿನ ತನಕ ಕೂತು ಅದೇ ದುರ್ಯೋಧನನ್ನ ನೋಡ್ತಾನಲ್ಲ. ತೋಟದವ ತನ್ನ ಕೆಲಸ ಮಾತ್ರ ಚೊಕ್ಕ ಮಾಡ್ತಾನೆ, ಮುಂದಿನ ಕಂತುಗಳಲ್ಲಿ ಅದೇ ಓಟದ ತುಣುಕುಗಳು ವಾಪಸ್ ವಾಪಸ್ ಬರೋದನ್ನ ಎಲ್ಲಾ ಗೀಟು ಹಾಕಿ ಇಟ್ಟಿದ್ದಾನೆ.

ಡ್ರೈವರ್ ಲೆಕ್ಕ ಹಾಕಿದ. 300 ಮೈಲಿ ಅಂದ್ರೆ ಸುಮಾರು 480 ಕಿಲೋಮೀಟರ್, ನಿಮಿಷಕ್ಕೆ ಎಂಟು. ಕಾರವಾರದಿಂದ ಅಂಕೋಲಾಕ್ಕೆ ನಾಲ್ಕೂವರೆ ನಿಮಿಷದ ಒಳಗೆ, ಬಿಣಗಾ ಸುರಂಗದಲ್ಲಿ ಲಾರಿ ಎದುರಿಲ್ಲ ಅಂತಾದ್ರೆ. ಆದ್ರೆ ಅವ ಅಲ್ಲಿಗೆ ಬಿಡಲಿಲ್ಲ. "ಸೆಕೆಂಡಿಗೆ 130 ಮೀಟರ್ ಮೇಲಾಯ್ತು. ಅಡ್ಡ ದನ ಬಂತು ಅಂತ ತಲೆಗೆ ಹೋಗಿ ಕಾಲು ಬ್ರೇಕಿಗೆ ಬರೋದ್ರೊಳಗೇ ಒಂದು ಸೆಕೆಂಡು. ಮನುಷ್ಯನ ಕೈಲಿ ಆಗೂದಲ್ಲ ಅದು." ಅದಕ್ಕೇ ನಾರ್ಮನ್ ಅಲ್ಲಿ ಕಂಪ್ಯೂಟರ್ ಮುಂದೆ ಕೂತಿರೋದು, ಹೈಪರ್‌ಥ್ರಸ್ಟಿನಲ್ಲಿ ದಾರಿ ನೋಡ್ಕೊಳ್ಳೋದು ಕಂಪ್ಯೂಟರು, ಜೆಸ್ಸಿ ಹಿಡ್ಕೊಂಡು ಕೂತಿರ್ಬೇಕಷ್ಟೇ. ಬೋಟಿನವ ಆವಾಗ ತನ್ನ ವಿಲನ್ ಥಿಯರಿ ವಾಪಸ್ ತಗೊಂಡ.

ಮದ್ದಳೆಯವನಿಂದ ನಾವೆಲ್ಲ ಹೊಸದಾಗಿ ಕೇಳೋಕೆ ಕಲ್ತದ್ದು. ಮ್ಯೂಸಿಕ್ಕು ಟ್ಯಾಂಜರೀನ್ ಡ್ರೀಮ್ ಅನ್ನೋ ಬರ್ಲಿನ್ ತಂಡದ್ದು, ಎಡ್ಗರ್ ಫ್ರೋಸ ಕಟ್ಟಿದ್ದು, ಎಲ್ಲಾ ಸಿಂಥಸೈಸರ್. ಅದೇ ವರ್ಷ ಅವ್ರ ಲ ಪಾರ್ಕ್ ಆಲ್ಬಮ್ ಬಂತು, ಅದ್ರಲ್ಲಿ ಹಾಡುಗಳಿಗೆಲ್ಲ ಬೇರೆ ಬೇರೆ ಊರಿನ ಉದ್ಯಾನಗಳ ಹೆಸ್ರು, ಅದರ ಮಧ್ಯ ಈ ಟೈಟಲ್ ಮ್ಯೂಸಿಕ್ಕೂ ಉಂಟು. ಅವ ಕಣ್ಮುಚ್ಚಿ ತೊಡೆ ಮೇಲೆ ತಾಳ ಹಾಕ್ತಾ ಇದ್ದ, "ಇದ್ರಲ್ಲಿ ಬೀಟ್ ಜೋರಾಗೂದೇ ಇಲ್ಲ ನೋಡಾ, ಒಂದೇ ನಡೆ ಇಟ್ಕೊಂಡು ಮೇಲಿಂದ ಮೇಲೆ ಸ್ವರ ಏರಿಸ್ತಾ ಹೋಗ್ತಾರೆ, ನಮ್ಗೆ ಸ್ಪೀಡ್ ಆದಂಗೆ ಅನ್ಸೂದು" ಅಂದ. ಟಿವಿ ಮ್ಯೂಟ್ ಮಾಡಿ ಅದೇ ದೃಶ್ಯ ಹಾಕಿ ನೋಡಿದ್ವಿ, ಅರ್ಧ ಸತ್ತುಹೋಯ್ತು. ಇದನ್ನ ನೀವೂ ಮಾಡಿ ನೋಡಿ, ಯಾವ ಆ್ಯಕ್ಷನ್ ದೃಶ್ಯಕ್ಕಾದ್ರೂ ಸರಿ, ಒಮ್ಮೆ ಸದ್ದಿಲ್ದೆ ಚಿತ್ರ, ಒಮ್ಮೆ ಚಿತ್ರ ಇಲ್ದೆ ಸದ್ದು.

ಇಷ್ಟೆಲ್ಲ ಬೈಕು ಬೈಕು ಅಂತ ಕೂತ್ರೂ ಜಾಸ್ತಿ ಹೊತ್ತು ಚರ್ಚೆ ಆದದ್ದು ಬೈಕೇ ಇಲ್ದ ಜಾಗದ ಬಗ್ಗೆ, ಜೆಸ್ಸಿನ ಆಫೀಸಲ್ಲಿ ಕೂರಿಸೋ ಭಾಗ. ಹುಡುಗ್ರಾಗಿದ್ದಾಗ ಅದೊಂದಿತ್ತು ಅಂತಲೇ ಯಾರ ಹಾಳೆಯಲ್ಲೂ ಇಲ್ಲ, ಆ ಹೊತ್ತಿಗೆ ನೀರು ಕುಡಿಯೋಕೆ ಎದ್ದು ಹೋಗ್ತಿದ್ವೇನೋ. ಈಗ ನಮ್ಮ ಡ್ರೈವರಿಗೆ ಮಂಡಿ ನೋವು, ಸ್ಟೇರಿಂಗ್ ಬಿಡಿಸಿ ಲೈಟ್ ಡ್ಯೂಟಿ ಕೊಟ್ಟಿದ್ದಾರೆ, ಡಿಪೋದಲ್ಲಿ ಕೂತು ಬರೆಯೋ ಕೆಲಸ. ಅವ ಆ ದೃಶ್ಯ ಎರಡು ಸಲ ಹಾಕಿಸ್ಕೊಂಡ. ಆಮೇಲೆ ಅಂದದ್ದು ಇಷ್ಟು, "ಸಂಬಳ ಅದೇ, ಮರ್ಯಾದೆನೂ ಕೊಡ್ತಾರೆ, ಆದ್ರೂ ಬೆಳಿಗ್ಗೆ ಗಾಡಿಗಳು ಗೇಟ್ ದಾಟಿ ಹೊರಡುವಾಗ ಒಂಥರಾ ಆಗ್ತದೆ." ಅತ್ತಿಗೆ ಹಾಗಾದ್ರೆ ನಾರ್ಮನ್ ಮಾಡಿದ್ದು ಸರಿಯಾ ಅಂತ ಕೇಳಿದ್ರು, ಕಾಲು ಬೇಕಂದ್ರೆ ಬೈಕ್ ಓಡ್ಸು ಅನ್ನೋದು ಉಪಕಾರವಾ ಇಲ್ಲಾ ವ್ಯಾಪಾರವಾ. ಗ್ಯಾರೇಜಿನವ ವ್ಯಾಪಾರ ಅಂದ, ಡ್ರೈವರ್ "ನಂಗ್ಯಾರೂ ಆ ವ್ಯಾಪಾರಕ್ಕೂ ಬರ್ಲಿಲ್ಲ" ಅಂದ. ಅದು ರಾತ್ರಿ ಚಾ ಎರಡನೇ ಸಲ ಕಾಸೋ ತನಕ ನಡೀತು. ನನ್ನ ಕೇಳಿದ್ರೆ ಅತ್ತಿಗೆ ಪ್ರಶ್ನೆ ಸೀರಿಯಲ್ ಬರೆದವ್ರಿಗೇ ಹೊಳೆದಿರ್ಲಿಕ್ಕಿಲ್ಲ, ಒಂದೆರಡು ಡೈಲಾಗಲ್ಲಿ ದಾಟಿಸಿ ಬಿಡ್ತಾರೆ, ಅವ್ರಿಗೆ ಬೈಕ್ ಹೊರಗೆ ತರೋ ಅವಸರ.

ಇನ್ನೊಂದು ಸಣ್ಣ ನಿಯಮ, ನಟರ ಹೆಸ್ರು ಯಾರೂ ಮೊದ್ಲೇ ಹೇಳೋ ಹಾಗಿಲ್ಲ. ಕೊರಿಡೋ ಪಾತ್ರ ಮಾಡಿದವ ಕ್ರಿಸ್ಟಫರ್ ಲಾಯ್ಡ್, ಈ ಪೈಲಟ್ ಬಂದು ಆರು ತಿಂಗಳಿಗೆ ಬ್ಯಾಕ್ ಟು ದಿ ಫ್ಯೂಚರಿನ ತಲೆಗೂದಲು ಕೆದರಿದ ವಿಜ್ಞಾನಿಯಾಗಿ ಜಗತ್ತಿಗೆಲ್ಲ ಗೊತ್ತಾದವ, ಇಲ್ಲಿ ತಣ್ಣಗೆ ಕೊಲೆ ಮಾಡಿಸ್ತಾನೆ. ಅವನ್ನ ಗುರುತು ಹಿಡಿದದ್ದು ಗ್ಯಾರೇಜಿನವನ ಮಗಳು, ಆ ತನಕ ಅವಳು ಮೂಲೇಲಿ ಕೂತು ನಮ್ಮನ್ನ ನೋಡಿ ನಗ್ತಿದ್ಲು. ಜನವರಿ 11ರ ಎರಡನೇ ಕಂತಲ್ಲಿ ಜೆಸ್ಸಿಯ ಹಳೇ ದೋಸ್ತನಾಗಿ ಬರೋದು ಜಾರ್ಜ್ ಕ್ಲೂನಿ, ಆಗಿನ್ನೂ ಯಾರಿಗೂ ಗೊತ್ತಿಲ್ಲದ ಹುಡುಗ. ಅದನ್ನ ನೋಡಿದ ದಿನ ಹೆಸ್ರು ಬರೋ ಜಾಗದಲ್ಲಿ ನಾನು ಟಿವಿ ಮುಂದೆ ಟವೆಲ್ ಹಿಡ್ಕೊಂಡು ನಿಂತಿದ್ದೆ, ಆದ್ರೂ ಅವಳೇ ಮೊದ್ಲು ಹಿಡಿದ್ಲು, ಈಗ ಅವಳಿಗೂ ಒಂದು ಹಾಳೆ ಕೊಡ್ತೇವೆ, ನೆನಪು ಬರೆಯೋಕೆ ಅವಳ ಹತ್ರ ಏನಿಲ್ಲ, ಹಂಗಾಗಿ ಕಂತಿನ ಹೆಸ್ರು ಮಾತ್ರ ಕೇಳಿ ಕತೆ ಏನಿರ್ಬಹುದು ಅಂತ ಬರೀತಾಳೆ, ಕೆಲವು ಸಲ ಅವಳ ಕತೆ ಅಮೆರಿಕದವ್ರದ್ದಕ್ಕಿಂತ ಚೆನ್ನಾಗಿರ್ತದೆ.

ಹಾಳೆಗಳನ್ನೆಲ್ಲ ಒಂದು ಫೈಲಲ್ಲಿ ಹಾಕಿಟ್ಟಿದ್ದೇನೆ, ಅಂಗಡಿಗೆ ಬಂದವ್ರು ಓದಿ ನಗ್ತಾರೆ, ಒಬ್ರು ನೈಟ್ ರೈಡರ್ ಅನ್ನೋ ಇನ್ನೊಂದು ಹಳೇ ಸೀರಿಯಲ್ಲಿಗೂ ಹೀಗೇ ಮಾಡಿ, ನಾವೂ ಬರ್ತೇವೆ ಅಂದ್ರು. ಆಗಸ್ಟ್ ಬಂತು ಅಂದ್ರೆ ಬೋಟಿನವ ಸಿಗಲ್ಲ, ಅವನಿಲ್ದೆ ಹಾಕಿದ್ರೆ ಜಗಳ, ಅದಕ್ಕೇ ಉಳಿದ ಕಂತುಗಳನ್ನ ಹಾಗೇ ಬಿಟ್ಟಿದ್ದೇವೆ. ಇರೋದೇ 13, ಗಡಿಬಿಡಿ ಎಂತಕ್ಕೆ.